ಮುಚ್ಚಿದ ಬಾಗಿಲಿಗೆ ಮೊಲ ಉಗುರು ಹಾಕಿದರೆ...

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ನಮ್ಮ ಸಾಕುಮೊಲ ಮಲ್ಲಿ. ಬೆಳಗಿನ ಜಾವ ಐದೂವರೆಗೆಲ್ಲ ಉಗ್ರಾಣದ ಬಾಗಿಲ ಬುಡದಲ್ಲಿ ಕರಕರ ಸದ್ದು ಶುರುವಾಗುತ್ತದೆ. ಹಳೇ ಹೊನ್ನೆ ಮರದ ಬಾಗಿಲು. ಕೆಳಗಿನ ಮೂಲೆಯಲ್ಲಿ ಬಣ್ಣ ಎದ್ದು ಹೋಗಿ, ಸಣ್ಣ ಉಳಿಯಿಂದ ಕೆತ್ತಿದ ಹಾಗೆ ಜೋಡಿ ಹಲ್ಲಿನ ಗೆರೆಗಳು ಕಾಣುತ್ತವೆ. ಬಾಗಿಲ ಸಂದಿಗೆ ಮೂಗಿಟ್ಟು, ಮುಂಗಾಲಲ್ಲಿ ನೆಲ ಕೆರೆದು, ಮತ್ತೆ ಮೂಗಿಡುತ್ತಾಳೆ.

ಮೊಲ ಸಾಕಿದ ಚಿಕ್ಕಮಗಳೂರಿನ ಗೆಳತಿಯರು ಕೇಳುವುದೂ ಇದನ್ನೇ: ಇಡೀ ಮನೆ ಬಿಟ್ಟುಕೊಟ್ಟರೂ ಆ ಒಂದು ಕೋಣೆಗೇ ಯಾಕೆ ನುಗ್ಗಬೇಕು? ಇದನ್ನು ಹಟ ಅಂದುಕೊಂಡರೆ ಪರಿಹಾರ ಸಿಗುವುದಿಲ್ಲ. ಸಾಕುಮೊಲದ ಮೂಲ ಯುರೋಪಿನ ಬಿಲ ತೋಡುವ ಮೊಲ. ನಮ್ಮ ಕಾಫಿ ತೋಟದ ಕಾಡುಮೊಲವೇ ಬೇರೆ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತದೆ. (ಅದರ ಮರಿ ಸಿಕ್ಕಿತೆಂದು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.) ಬಿಲದಲ್ಲಿ ಬದುಕುವ ಪ್ರಾಣಿಗೆ ದಾರಿಗಳೆಲ್ಲ ತೆರೆದಿರಬೇಕು, ಅಪಾಯ ಬಂದಾಗ ಓಡಿಹೋಗಲು. ನಾವು ಮುಚ್ಚಿದ ಬಾಗಿಲು ಅದರ ಪಾಲಿಗೆ ಮಣ್ಣು ಕುಸಿದ ದಾರಿ. ಕೆರೆದು ಬಿಡಿಸುವುದು ಅದರ ಕೆಲಸ.

ಮೊದಲು ಎರಡು ದಿನ ಸುಮ್ಮನೆ ನೋಡಿ

ಯಾವ ಬಾಗಿಲು, ಯಾವ ಹೊತ್ತು ಎಂದು ಗಮನಿಸಿ. ಮೊಲ ಚುರುಕಾಗುವುದು ನಸುಕಿನಲ್ಲಿ ಮತ್ತು ದೀಪ ಹಚ್ಚುವ ಹೊತ್ತಿನಲ್ಲಿ. ನಡುಹಗಲಲ್ಲೂ ಬಚ್ಚಲಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರೆ, ಅದೂ ಏಪ್ರಿಲ್ ತಿಂಗಳಲ್ಲಿ, ಅದಕ್ಕೆ ಬೇಕಿರುವುದು ತಂಪು ನೆಲ. ಮೊಲಕ್ಕೆ ಸೆಕೆ ತಡೆಯುವುದಿಲ್ಲ. ಅದು ಮಲಗುವ ಜಾಗದಲ್ಲಿ ಒಂದು ಕಡಪ ಕಲ್ಲು ಹಾಕಿಕೊಟ್ಟರೆ ಆ ಬಾಗಿಲಿನ ತಂಟೆ ಮುಗಿಯುತ್ತದೆ.

ಆಮೇಲೆ ನೆಲಕ್ಕೆ ಕೂತು ಆ ಕೋಣೆ ನೋಡಿ

ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಮೊಲದ ಎತ್ತರಕ್ಕೆ ಬಗ್ಗಬೇಕು. ನಮ್ಮ ಕಡೆಯ ಉಗ್ರಾಣದಲ್ಲಿ ಕಾಫಿ ಬೀಜ, ಕಾಳುಮೆಣಸಿನ ಮೂಟೆ, ಗೊಬ್ಬರ, ಇಲಿ ಪಾಷಾಣ ಎಲ್ಲ ಒಟ್ಟಿಗೇ ಇರುತ್ತವೆ. ಕಾಫಿಯಲ್ಲಿರುವ ಕೆಫೀನ್ ಮೊಲಕ್ಕೆ ವಿಷ. ಹಣ್ಣಾಗಲಿ ಎಂದು ಹುಲ್ಲಿನಲ್ಲಿ ಮುಚ್ಚಿಟ್ಟ ಬಟರ್ ಫ್ರೂಟ್ ಕೂಡ ವಿಷವೇ. ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ದೇವರ ಕೋಣೆಯಲ್ಲಿ ಕಣಗಿಲೆ ಹೂವು; ಅದರ ಎಲೆ ಹೂವು ಎರಡೂ ಅಪಾಯ. ಇವನ್ನೆಲ್ಲ ಸೊಂಟದಿಂದ ಮೇಲಿನ ಕಪಾಟಿಗೆ ಏರಿಸಿ. ಇಲಿ ಪಾಷಾಣ ಮಾತ್ರ ಮೊಲ ಇರುವ ಮನೆಯಲ್ಲಿ ಇರಲೇಬಾರದು ಎಂಬುದು ನನ್ನ ಮಾತು.

ವೈರುಗಳನ್ನು ಪಿವಿಸಿ ಪೈಪಿನೊಳಗೆ ಹಾಕಿ. ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಉದ್ದಕ್ಕೆ ಸೀಳಿ ಕೊಡುತ್ತಾರೆ, ವೈರು ಬಿಚ್ಚದೆಯೇ ತೊಡಿಸಬಹುದು.

ಬಾಗಿಲು ಭದ್ರಪಡಿಸುವುದು

ಮಲೆನಾಡಿನ ಮನೆಯಲ್ಲಿ ಇದೇ ಕಷ್ಟದ ಭಾಗ. ಮಳೆಗಾಲದಲ್ಲಿ ಮರ ಉಬ್ಬಿ ಚಿಲಕ ಕೂರುವುದಿಲ್ಲ. ಮುಚ್ಚಿದ್ದೇವೆ ಅಂದುಕೊಂಡಿರುತ್ತೇವೆ, ಬಾಗಿಲು ಮೂಗಿನಲ್ಲಿ ತಳ್ಳಿದರೂ ತೆರೆಯುತ್ತದೆ. ಒಂದು ಆಷಾಢದಲ್ಲಿ ಮಲ್ಲಿ ಹಾಗೇ ಒಳಗೆ ಹೋಗಿದ್ದಳು. ನಾನು ನೋಡುವಾಗ ಗೋಣಿಚೀಲದ ಮೇಲೆ ಕೂತಿದ್ದಳು, ಬಾಯಂಚಿನಲ್ಲಿ ನಾರು ನೇತಾಡುತ್ತಿತ್ತು. ಮಾರನೇ ದಿನ ಹುಲ್ಲು ಮುಟ್ಟಲಿಲ್ಲ, ತಟ್ಟೆಯಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಡಾಕ್ಟರ ಹತ್ತಿರ ಎರಡು ದಿನ ಓಡಾಡಿದ ಮೇಲೆ ಸರಿಹೋದಳು. ಅವತ್ತಿನಿಂದ ಜೂನ್ ಬರುವ ಮೊದಲೇ ಬಡಗಿಯನ್ನು ಕರೆಸಿ ಬಾಗಿಲು ಉಜ್ಜಿಸುತ್ತೇನೆ, ಹೊರಗಿನಿಂದ ಇನ್ನೊಂದು ಅಗುಳಿ ಹಾಕಿಸಿದ್ದೇನೆ.

ಗಾಳಿಯಾಡಲು ಬಾಗಿಲು ತೆರೆದೇ ಇರಬೇಕಾದರೆ ಅಡ್ಡಕ್ಕೆ ತಂತಿ ಜಾಲರಿಯ ಚೌಕಟ್ಟು ಇಡಿ. ಎತ್ತರ 3 ಅಡಿಗಿಂತ ಕಡಿಮೆ ಬೇಡ, ಕಣ್ಣಿನ ಅಗಲ 1 ಇಂಚಿಗಿಂತ ಹೆಚ್ಚು ಬೇಡ. ಪ್ಲಾಸ್ಟಿಕ್ ಬಲೆ ದಂಡ, ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತವೆ.

ಕೆರೆಯಲು ಬೇರೆ ಜಾಗ ಕೊಡಿ

ಬಾಗಿಲು ಮುಚ್ಚಿದರಷ್ಟೇ ಸಾಲದು. ಮೊಲದ ಬಾಚಿಹಲ್ಲು ವರ್ಷಕ್ಕೆ ಸುಮಾರು 10ರಿಂದ 12 ಸೆಂ.ಮೀ. ಬೆಳೆಯುತ್ತದೆ, ಕಡಿದು ಸವೆಸದಿದ್ದರೆ ಅದಕ್ಕೇ ತೊಂದರೆ. ದೊಡ್ಡ ರಟ್ಟಿನ ಪೆಟ್ಟಿಗೆಗೆ ಎರಡು ಕಡೆ ತೂತು ಕೊರೆದು, ಒಣಹುಲ್ಲು, ಹರಿದ ಹಳೇ ಪೇಪರು ತುಂಬಿ, ಆ ಬಾಗಿಲಿನ ಪಕ್ಕದಲ್ಲೇ ಇಡಿ. ದೂರ ಇಟ್ಟರೆ ತಿರುಗಿಯೂ ನೋಡುವುದಿಲ್ಲ. ಔಷಧಿ ಹೊಡೆಯದ ಸೀಬೆ ಗಿಡದ ಕಡ್ಡಿ ಕೊಡಿ. ಮಲ್ಲಿ ಸೀಬೆ ತೊಗಟೆಯನ್ನು ಪಟ್ಟಿ ಪಟ್ಟಿಯಾಗಿ ಸುಲಿಯುವುದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ನಸುಕಿನಲ್ಲಿ ಒಂದು ಗಂಟೆ, ಸಂಜೆ ಎರಡು ಗಂಟೆ ಗೂಡಿನಿಂದ ಹೊರಗೆ ಬಿಟ್ಟು ಜೊತೆಗಿರಿ. ಆ ಹೊತ್ತಿನಲ್ಲಿ ಕೂಡಿಹಾಕಿದ ಮೊಲವೇ ಆಮೇಲೆ ಬಾಗಿಲು ಕೆರೆಯುವುದು. ಗದರಬೇಡಿ, ಪೇಪರ್ ಸುರುಳಿಯಲ್ಲೂ ತಟ್ಟಬೇಡಿ. ಮೊಲ ಹೆದರುತ್ತದೆ, ನೀವು ಯಾಕೆ ಬೈದಿರೆಂದು ಮಾತ್ರ ತಿಳಿಯುವುದಿಲ್ಲ. ಹೆಸರು ಕರೆದು ಒಂದು ಕೊತ್ತಂಬರಿ ದಂಟು ತೋರಿಸಿ. ವಾರವೆರಡರಲ್ಲಿ ದನಿ ಕೇಳಿದರೆ ಬಾಗಿಲು ಬಿಟ್ಟು ಬರುತ್ತದೆ. ಎತ್ತಿ ತರಲೇಬೇಕಾದರೆ ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲುಗಳ ಅಡಿ ಇರಲಿ. ಕಿವಿ ಹಿಡಿದು ಎತ್ತುವುದು ಹಿಂಸೆ. ಅದು ಕೊಸರಿಕೊಂಡು ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ಆದರೂ ಒಳಗೆ ನುಗ್ಗಿ ಏನಾದರೂ ತಿಂದಿತೆಂದು ಅನುಮಾನ ಬಂದರೆ ಉಪ್ಪುನೀರು ಕುಡಿಸಲು ಹೋಗಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ವಿಷದ ಅನುಮಾನವಿದ್ದರೆ ಕಾಯದೆ ಹೊರಡಿ. ಅರ್ಧ ದಿನ ಮೇವು ಬಿಟ್ಟರೂ, ಹಿಕ್ಕೆ ಹಾಕದಿದ್ದರೂ ಅದು ತುರ್ತು. ಹಾಸನದವರಿಗೆ ಪಶುವೈದ್ಯಕೀಯ ಮಹಾವಿದ್ಯಾಲಯ ಊರಲ್ಲೇ ಇದೆ. ತಿಂದ ವಸ್ತುವಿನ ಚೂರು, ಕೊನೆಗೆ ಹಾಕಿದ ಹಿಕ್ಕೆ ನಾಲ್ಕನ್ನು ಕಾಗದದಲ್ಲಿ ಕಟ್ಟಿಕೊಂಡು, ಬುಟ್ಟಿಗೆ ಒಂದು ಹಿಡಿ ಒಣಹುಲ್ಲು ಹಾಕಿಕೊಂಡು ಹೋಗಿ.