ಚಾಕುವಿನ ಅಲಗಿನ ಗೀರು ತೆಗೆಯುವುದು ಹೇಗೆ?

ಅಲಗಿನ ಮೇಲೆ ಕಾಣುವುದೆಲ್ಲ ಗೀರಲ್ಲ. ಬಾಳೆಕಾಯಿ, ಮಾವಿನಕಾಯಿ ಹೆಚ್ಚಿ ತೊಳೆಯದೆ ಇಟ್ಟಾಗ ಕೂರುವ ಕಪ್ಪು ಕಲೆ ಹುಣಸೆಹಣ್ಣು ತಿಕ್ಕಿದರೆ ಬಿಡುತ್ತದೆ. ತಿಕ್ಕಿ, ತೊಳೆದು, ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದಾಗಲೂ ಗೆರೆ ಉಳಿದಿದ್ದರೆ ಅದು ಗೀರು. ಅದನ್ನು ತುಂಬಿಸಲು ಬರುವುದಿಲ್ಲ. ಗೀರಿನ ತಳ ಎಷ್ಟು ಆಳವಿದೆಯೋ ಅಷ್ಟರವರೆಗೆ ಸುತ್ತಲ ಉಕ್ಕನ್ನೇ ಸವೆಸಬೇಕು. ಟೂತ್‌ಪೇಸ್ಟ್, ಅಡುಗೆ ಸೋಡಾ ಕಲೆಗಷ್ಟೇ ಸರಿ, ಗೀರಿಗೆ ಏನೂ ಮಾಡಲಾರವು.

ನಾನ್‌ಸ್ಟಿಕ್ ಲೇಪನದ ಚಾಕು ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಲೇಪನವೇ ಕಿತ್ತುಬರುತ್ತದೆ. ಅಲೆಅಲೆ ವಿನ್ಯಾಸದ ಡಮಾಸ್ಕಸ್ ಅಲಗಿನಲ್ಲಿ ಉಜ್ಜಿದ ಜಾಗದ ವಿನ್ಯಾಸ ಮಂಕಾಗುತ್ತದೆ. ಕಂಪನಿಯ ಗುರುತೂ ಅಳಿಸಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿ 400, 600, 800 ನಂಬರಿನ ಒಂದೊಂದು ಹಾಳೆ ತನ್ನಿ. ನಂಬರ್ ಏರಿದಷ್ಟೂ ಕಾಗದ ನಯ. ಜೊತೆಗೆ ಮಾಸ್ಕಿಂಗ್ ಟೇಪ್, ಬೆಂಕಿಪೊಟ್ಟಣದಷ್ಟು ದೊಡ್ಡ ಮರದ ತುಂಡು, ಸೋಪು ನೀರು, ಹತ್ತಿ ಬಟ್ಟೆ ಬೇಕು. ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರಿಗೆ ಸಿಗದ ಗೀರಾದರೆ 800 ಒಂದೇ ಸಾಕು, ಸಿಕ್ಕರೆ 400ರಿಂದ ಆರಂಭಿಸಿ. ಉಗುರು ಸಿಕ್ಕಿಕೊಂಡು ನಿಂತೇಬಿಟ್ಟರೆ 220 ಬೇಕಾಗುತ್ತದೆ. ಅಂಥ ಆಳದ ಗೀರು ಒಂದೇ ಒಂದಿದ್ದರೆ ಅದನ್ನು ಹಾಗೇ ಬಿಡುವುದೇ ಮೇಲು. ತೆಳ್ಳನೆಯ ಅಲಗನ್ನು ಅದಕ್ಕಾಗಿ ಇನ್ನಷ್ಟು ತೆಳ್ಳಗೆ ಮಾಡುವುದರಲ್ಲಿ ಅರ್ಥವಿಲ್ಲ.

ಚಾಕುವಿನ ಬಾಯಿಗೆ ಉದ್ದಕ್ಕೂ ಎರಡು ಪದರ ಟೇಪ್ ಸುತ್ತಿ. ಚಾಕುವನ್ನು ಒಂದು ಹಲಗೆಯ ಮೇಲಿಡಿ. ಹಿಡಿ ಹಲಗೆಯ ಆಚೆ ಇಳಿಬಿದ್ದಿರಲಿ, ಆಗ ಅಲಗು ಹಲಗೆಗೆ ಒರಗಿ ಮಲಗುತ್ತದೆ. ಬಾಯಿ ನಿಮ್ಮಿಂದ ಆಚೆ ಇರಲಿ. ಹಿಡಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕಾಗದ ಸುತ್ತಿದ ಮರದ ತುಂಡಿನಿಂದ ಸೋಪು ನೀರು ಹಚ್ಚುತ್ತಾ ಉಜ್ಜಿ. ಬೆರಳಿನಿಂದಲೇ ಒತ್ತಿದರೆ ಒಂದು ಕಡೆ ತಗ್ಗಾಗುತ್ತದೆ. ಗೀರಿರುವ ಜಾಗವನ್ನಷ್ಟೇ ಉಜ್ಜಿದರೆ ಅದು ತೇಪೆಯಂತೆ ಎದ್ದು ಕಾಣುತ್ತದೆ, ಆದ್ದರಿಂದ ಆ ಮಗ್ಗುಲನ್ನು ಪೂರ್ತಿ ಉಜ್ಜಬೇಕು.

ಹೆಚ್ಚಿನವರು ಎಡವುವುದು ಮೊದಲ ನಂಬರಿನಲ್ಲೇ. ಗೀರು ಇನ್ನೂ ಇರುವಾಗಲೇ ಮುಂದಿನ ಕಾಗದಕ್ಕೆ ಹೋಗುತ್ತಾರೆ. ನಯ ಕಾಗದ ಆ ಗೀರನ್ನು ತೆಗೆಯದು, ಸುತ್ತಲನ್ನು ಹೊಳೆಯಿಸಿ ಗೀರನ್ನು ಇನ್ನಷ್ಟು ಎದ್ದು ತೋರಿಸುತ್ತದೆ. ಇದಕ್ಕೆ ಒಳ್ಳೆಯ ಉಪಾಯವಿದೆ: 400ರಲ್ಲಿ ಉದ್ದಕ್ಕೆ ಉಜ್ಜಿದರೆ 600ರಲ್ಲಿ ಅಡ್ಡಕ್ಕೆ, 800ರಲ್ಲಿ ಮತ್ತೆ ಉದ್ದಕ್ಕೆ ಉಜ್ಜಿ. ಹಿಂದಿನ ಗೆರೆ ಒಂದು ಉಳಿದರೂ ಅಡ್ಡಡ್ಡವಾಗಿ ಕಣ್ಣಿಗೆ ಬೀಳುತ್ತದೆ, ಆಗ ಹಿಂದಿನ ನಂಬರಿಗೆ ಮರಳಿ. ಅಡ್ಡಕ್ಕೆ ಉಜ್ಜುವಾಗ ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ. ಕಾಗದ ಬೇಗ ಮೊಂಡಾಗುತ್ತದೆ, ಜಿಪುಣತನ ಬೇಡ. ನಂಬರ್ ಬದಲಿಸುವಾಗ ಅಲಗು, ಮರದ ತುಂಡು, ಹಲಗೆ, ಕೈ ಎಲ್ಲವನ್ನೂ ತೊಳೆಯಿರಿ. 400ರ ಒಂದು ಹರಳು ಉಳಿದರೂ ಹೊಸ ಗೀರು ಖಚಿತ.

ಕೊನೆಯ ನಂಬರಿನ ದಿಕ್ಕು ಕಾರ್ಖಾನೆಯ ಸಣ್ಣ ಗೆರೆಗಳ ದಿಕ್ಕಿಗೆ ಹೊಂದಬೇಕು. ಹಲವು ಅಲಗುಗಳಲ್ಲಿ ಅವು ಬೆನ್ನಿನಿಂದ ಬಾಯಿಗೆ ಇಳಿದಿರುತ್ತವೆ, ಆದ್ದರಿಂದ ಶುರುವಿಗೆ ಮೊದಲೇ ನೋಡಿಟ್ಟುಕೊಳ್ಳಿ. ಹಾಗಿದ್ದರೆ 400ರಲ್ಲಿ ಅಡ್ಡಕ್ಕೆ, 600ರಲ್ಲಿ ಉದ್ದಕ್ಕೆ, 800ರಲ್ಲಿ ಅಡ್ಡಕ್ಕೆ ಉಜ್ಜಿ. ಹೊಸ ಕಾಗದದಿಂದ ಒಂದೇ ದಿಕ್ಕಿಗೆ ಎಳೆದು, ಎತ್ತಿ, ಮತ್ತೆ ಮೊದಲಿನಿಂದ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ತಿರುಗುವ ಕಡೆ ಕೊಕ್ಕೆಯಂಥ ಗುರುತು ಬೀಳುತ್ತದೆ. ದಿನಬಳಕೆಯ ಚಾಕುವಿಗೆ 800 ಸಾಕು. ಕನ್ನಡಿಯಂತೆ ಹೊಳೆಯಬೇಕೆಂದರೆ 1200, 2000 ದಾಟಿ ಮೆಟಲ್ ಪಾಲಿಶ್ ಹಚ್ಚಬೇಕು. ಆ ಹೊಳಪಿನ ಮೇಲೆ ಮುಂದಿನ ಪ್ರತಿ ಗೀರೂ ಕಾಣುತ್ತದೆ. ಪಾಲಿಶ್ ಹಚ್ಚಿದ್ದರೆ ಸೋಪಿನಲ್ಲಿ ಚೆನ್ನಾಗಿ ತೊಳೆಯದೆ ತರಕಾರಿಗೆ ಮುಟ್ಟಿಸಬೇಡಿ.

ಡ್ರಿಲ್‌ಗೆ ಪಾಲಿಶ್ ಚಕ್ರ ಸಿಕ್ಕಿಸುವುದು ಬೇಡ. ಚಕ್ರ ಅಲಗನ್ನು ಕಿತ್ತು ಎಸೆಯಬಹುದು. ತೆಳ್ಳನೆಯ ಬಾಯಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಗಡಸುತನ ಹೋಯಿತೆಂದೇ ಅರ್ಥ.

ಕಮ್ಮಾರರು ಬಡಿದು ಮಾಡಿದ ಮಚ್ಚು, ಈಳಿಗೆಗಳ ಮೈಮೇಲಿನ ಕಪ್ಪು ಪದರವನ್ನು ಗೀರೆಂದು ಉಜ್ಜಿ ತೆಗೆಯಬೇಡಿ, ಅದು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಉಜ್ಜಿದ ಭಾಗವನ್ನು ತಕ್ಷಣ ಒಣಗಿಸಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ.