ಡಿಸ್ಚಾರ್ಜ್ ದಿನ ಬಿಲ್ ನೋಡಿ ಎದೆ ಧಸಕ್ ಅನ್ನಬಾರ್ದು ಅಂದ್ರೆ ಅಡ್ಮಿಟ್ ಆಗೋ ಮುಂಚೆ ಏನೇನ್ ಕೇಳ್ಬೇಕು?

ನಮ್ಮ ಚಿಕ್ಕಪ್ಪಂಗೆ ಪಿತ್ತಕೋಶದಲ್ಲಿ ಕಲ್ಲು, ಲ್ಯಾಪ್ರೋಸ್ಕೋಪಿ ಆಪರೇಷನ್ ಆಗ್ಬೇಕಿತ್ತು. ಮೂರು ಲಕ್ಷದ ಇನ್ಶೂರೆನ್ಸ್ ಇದೆ, ಕ್ಯಾಶ್‌ಲೆಸ್ ಇದೆ, ಇನ್ನೇನ್ ಚಿಂತೆ ಅಂತ ಎಲ್ಲರೂ ಆರಾಮಾಗಿದ್ವಿ. ಅಡ್ಮಿಷನ್ ಕೌಂಟರ್‌ನಲ್ಲಿ "ಶೇರಿಂಗ್ ರೂಮ್ ಸಂಜೆ ಖಾಲಿ ಆಗುತ್ತೆ ಸರ್, ಡೀಲಕ್ಸ್ ಈಗಲೇ ಇದೆ, ದಿನಕ್ಕೆ ಆರು ಸಾವಿರ" ಅಂದ್ರು, ಚಿಕ್ಕಮ್ಮ "ಪಾಪ ನೋವಲ್ಲಿದಾರೆ, ಅದನ್ನೇ ತಗೊಳಪ್ಪ" ಅಂದ್ರು, ನಾನೂ ಸೈನ್ ಹಾಕ್ದೆ. ಆ ಒಂದು ಸೈನಿಗೆ ನಾವು ಕಟ್ಟಿದ ದುಡ್ಡು ಎಷ್ಟು ಅನ್ನೋದು ಮೂರು ದಿನ ಆದ್ಮೇಲೆ ಗೊತ್ತಾಯ್ತು. ಅವತ್ತಿಂದ ಮನೆಯಲ್ಲಿ, ಆಫೀಸಲ್ಲಿ ಯಾರು ಅಡ್ಮಿಟ್ ಆಗ್ತಿದ್ರೂ ನಂಗೇ ಫೋನ್ ಮಾಡ್ತಾರೆ, ಹಾಗಾಗಿ ಎಲ್ಲಾನೂ ಒಂದ್ಸಲ ಬರೆದು ಹಾಕ್ತಿದೀನಿ.

ಮೊದಲು ಮನೇಲೇ ಮಾಡೋ ಕೆಲಸ

ಪ್ಲ್ಯಾನ್ಡ್ ಆಪರೇಷನ್ ಆದ್ರೆ, ಅಂದ್ರೆ ಕಣ್ಣಿನ ಪೊರೆ, ಹರ್ನಿಯಾ, ಮಂಡಿಚಿಪ್ಪು, ಪಿತ್ತಕೋಶ ಈ ಥರದ್ದು, ನಿಮ್ಮ ಹತ್ರ ಟೈಮ್ ಇರುತ್ತೆ. ಪಾಲಿಸಿ ಕಾಪಿ ತೆಗೆದು ಎರಡೇ ಎರಡು ವಿಷಯ ಹುಡುಕಿ: ರೂಮ್ ಬಾಡಿಗೆಗೆ ಮಿತಿ ಇದ್ಯಾ, ಈ ಕಾಯಿಲೆಗೆ ವೇಟಿಂಗ್ ಪೀರಿಯಡ್ (ಪಾಲಿಸಿ ತಗೊಂಡ್ಮೇಲೆ ಕ್ಲೇಮ್ ಸಿಗೋಕೆ ಕಾಯ್ಬೇಕಾದ ಅವಧಿ) ಮುಗಿದಿದ್ಯಾ. ಏಜೆಂಟ್ ಹೇಳಿದ್ದು ನಂಬ್ಕೊಂಡು ಕೂರಬೇಡಿ, ಅವರು ಒಳ್ಳೆಯವರೇ ಇರ್ಬೋದು, ಆದ್ರೆ ಕ್ಲೇಮ್ ಪಾಸ್ ಮಾಡೋರು ಅವರಲ್ಲ.

ರೇಷನ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಚಿಕಿತ್ಸಾ ಯೋಜನೆ ಮರೀಬೇಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಎಪಿಎಲ್ ಆದ್ರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಜನ ಎಡವೋದು ಎಲ್ಲಿ ಅಂದ್ರೆ, ನೇರವಾಗಿ ಪ್ರೈವೇಟ್ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸ್ತಾರೆ, ಅವರು "ರೆಫರಲ್ ಎಲ್ಲಿ" ಅಂತಾರೆ. ಎಮರ್ಜೆನ್ಸಿ ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂದ್ರೆ ಅವರು ಬರೆದುಕೊಡೋ ರೆಫರಲ್ ಲೆಟರ್ ತಗೊಂಡು ಪ್ರೈವೇಟ್‌ಗೆ ಹೋಗ್ಬೇಕು. ಸಹಕಾರ ಸಂಘದ ಮೆಂಬರ್ ಆಗಿದ್ರೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಇದ್ಯಾ ನೋಡ್ಕೊಳಿ.

ಹಾರ್ಟ್ ವಿಷಯ ಆದ್ರೆ, ಅರ್ಜೆಂಟ್ ಇಲ್ಲ, ಸಮಯ ಇದೆ ಅಂತ ಡಾಕ್ಟರೇ ಹೇಳಿದ್ರೆ, ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವದಲ್ಲಿ ಒಂದ್ಸಲ ವಿಚಾರಿಸಿ. ಅಲ್ಲೇ ಮಾಡಿಸ್ಲೇಬೇಕು ಅಂತಿಲ್ಲ, ಕ್ಯೂ ಉದ್ದ ಇರುತ್ತೆ ಗೊತ್ತು, ಆದ್ರೆ ಅಲ್ಲಿನ ರೇಟ್ ಕೈಲಿದ್ರೆ ಇನ್ನೊಂದು ಕಡೆ ಮಾತಾಡೋಕೆ ಬಾಯಿ ಬರುತ್ತೆ.

ಎಸ್ಟಿಮೇಟ್ ಬರವಣಿಗೇಲಿ ತಗೊಳಿ

ಬಾಯಲ್ಲಿ "ಒಂದೂ ಇಪ್ಪತ್ತು ಆಗ್ಬೋದು ಸರ್" ಅಂದಿದ್ದಕ್ಕೆ ಬೆಲೆ ಇಲ್ಲ. ಬಿಲ್ಲಿಂಗ್ ಅಥವಾ ಕೌನ್ಸೆಲಿಂಗ್ ಡೆಸ್ಕ್‌ನಲ್ಲಿ ಸೀಲ್ ಹಾಕಿಸಿ ತಗೊಳಿ, ಇಲ್ಲಾಂದ್ರೆ ಮೇಲ್ ಮಾಡಿ ಅನ್ನಿ. ಪ್ಯಾಕೇಜ್ ಅಂದ್ರೆ ಅದರಲ್ಲಿ ಏನಿದೆ ಅಂತ ಎಲ್ಲರೂ ಕೇಳ್ತಾರೆ, ನೀವು ಏನಿಲ್ಲ ಅಂತ ಕೇಳಿ. ಇಂಪ್ಲಾಂಟ್ ಸೇರಿದ್ಯಾ, ಅನಸ್ತೇಶಿಯಾ ಡಾಕ್ಟರ್ ಫೀಸ್ ಸೇರಿದ್ಯಾ, ಬಯಾಪ್ಸಿಗೆ ಕಳ್ಸಿದ್ರೆ ಅದು ಬೇರೆನಾ, ಒಂದು ದಿನ ಜಾಸ್ತಿ ಉಳಿದ್ರೆ ಎಷ್ಟು, ಐಸಿಯುಗೆ ಹಾಕಿದ್ರೆ ದಿನಕ್ಕೆ ಎಷ್ಟು. ನಾಚ್ಕೊಬೇಡಿ, ಸೀರೆ ಅಂಗಡೀಲಿ ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡೋ ನಾವು ಇಲ್ಲಿ ಮಾತ್ರ ಯಾಕೋ ದಾಕ್ಷಿಣ್ಯಕ್ಕೆ ಬೀಳ್ತೀವಿ.

ದರಪಟ್ಟಿ ಕೇಳೋದು ಜಗಳ ಅಲ್ಲ, ಕಾನೂನಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಅಂತ 2007ರ ಕೆಪಿಎಂಇ ಕಾಯ್ದೆ ಇದೆ, ಚಾರ್ಜ್ ಪಟ್ಟಿ ಜನಕ್ಕೆ ಕಾಣೋ ಹಾಗೆ ಹಾಕ್ಬೇಕು ಅಂತ ಅದು ಹೇಳುತ್ತೆ. 2017ರಲ್ಲಿ ರಮೇಶ್ ಕುಮಾರ್ ಅವರು ಆರೋಗ್ಯ ಮಂತ್ರಿ ಆಗಿದ್ದಾಗ ಇದಕ್ಕೆ ತಿದ್ದುಪಡಿ ತರೋಕೆ ಹೋಗಿ ಡಾಕ್ಟರ್‌ಗಳು ಸ್ಟ್ರೈಕ್ ಮಾಡಿದ್ದು ನೆನಪಿರ್ಬೋದು, ಊರಿಗೆ ಊರೇ ಓಪಿಡಿ ಬಂದ್. ಕೊನೆಗೆ ಪಾಸ್ ಆದ ರೂಪದಲ್ಲಿ ಎಲ್ಲಾ ಚಿಕಿತ್ಸೆಗೂ ಸರ್ಕಾರವೇ ರೇಟ್ ಫಿಕ್ಸ್ ಮಾಡೋದು ಉಳೀಲಿಲ್ಲ, ಸರ್ಕಾರಿ ಸ್ಕೀಮ್‌ಗಳಿಗೆ ಮಾತ್ರ ಉಳೀತು. ಆದ್ರೂ ನಮಗೆ ಬೇಕಾದ ಎರಡು ಮಾತು ಉಳ್ಕೊಂಡಿವೆ: ಎಮರ್ಜೆನ್ಸಿಲಿ ಅಡ್ವಾನ್ಸ್ ಕಟ್ಟಿ ಅಂತ ಪಟ್ಟು ಹಿಡಿಯೋ ಹಾಗಿಲ್ಲ, ಬಾಕಿ ಇದೆ ಅಂತ ತೀರಿಕೊಂಡವರ ಶವ ಇಟ್ಕೊಳೋ ಹಾಗಿಲ್ಲ.

ರೂಮ್ ಆಯ್ಕೆ, ಇಲ್ಲೇ ಇರೋದು ಎಲ್ಲಾ ಆಟ

ಚಿಕ್ಕಪ್ಪನ ಪಾಲಿಸೀಲಿ ರೂಮ್ ಬಾಡಿಗೆ ಮಿತಿ ಮೂರು ಲಕ್ಷದ ಇನ್ಶೂರೆನ್ಸ್ ಮೊತ್ತದ ಶೇಕಡಾ 1, ಅಂದ್ರೆ ದಿನಕ್ಕೆ 3,000. ನಾವು ತಗೊಂಡಿದ್ದು 6,000ದ್ದು. ಹೆಚ್ಚಂದ್ರೆ ಏನಾಗುತ್ತೆ, ಮೂರು ದಿನಕ್ಕೆ ವ್ಯತ್ಯಾಸದ ಒಂಬತ್ತು ಸಾವಿರ ಕೈಯಿಂದ ಹೋಗುತ್ತೆ ಅಂದ್ಕೊಂಡಿದ್ದೆ. ಹಂಗಲ್ಲ ಅದು. ರೂಮ್ ದೊಡ್ಡದಾದ್ರೆ ಸರ್ಜನ್ ಫೀಸು, ಓಟಿ ಚಾರ್ಜು, ನರ್ಸಿಂಗು, ಡಾಕ್ಟರ್ ವಿಸಿಟ್ ಎಲ್ಲಾ ಆ ರೂಮಿನ ದರ್ಜೆಗೆ ತಕ್ಕಂತೆ ಏರುತ್ತೆ, ಅದಕ್ಕೆ ಇನ್ಶೂರೆನ್ಸ್‌ನೋರು "ನೀವು ಮಿತಿಯ ಡಬಲ್ ರೂಮಲ್ಲಿ ಇದ್ರಿ, ಹಾಗಾಗಿ ಇವೆಲ್ಲದರಲ್ಲೂ ಅರ್ಧ ಮಾತ್ರ ನಮ್ದು" ಅಂತಾರೆ. ಪ್ರಪೋರ್ಷನೇಟ್ ಡಿಡಕ್ಷನ್ ಅಂತ ಇದರ ಹೆಸರು.

ಲೆಕ್ಕ ನೋಡಿ. ಒಟ್ಟು ಬಿಲ್ 1,58,000. ರೂಮ್ 18,000, ಅದರಲ್ಲಿ ಅವರು ಕೊಟ್ಟಿದ್ದು 9,000. ಸರ್ಜನ್, ಓಟಿ, ಅನಸ್ತೇಶಿಯಾ, ನರ್ಸಿಂಗ್ ಸೇರಿ 90,000, ಕೊಟ್ಟಿದ್ದು 45,000. ಔಷಧಿ, ಲ್ಯಾಬ್ ಎಲ್ಲಾ ಸೇರಿ 50,000, ಅದರಲ್ಲಿ ಗ್ಲೌಸ್, ಡೈಪರ್, ಅಡ್ಮಿಷನ್ ಕಿಟ್ ಅಂತ 6,000 ಪೂರ್ತಿ ಕಟ್, ಉಳಿದ 44,000ದಲ್ಲೂ ಅರ್ಧ ಕಟ್ ಮಾಡಿ 22,000 ಕೊಟ್ರು. ಡಿಸ್ಚಾರ್ಜ್ ದಿನ ನಾವು ಕಟ್ಟಿದ್ದು 82,000. ದಿನಕ್ಕೆ 5,000 ದಾಟಿದ ರೂಮಿಗೆ (ಐಸಿಯು ಬಿಟ್ಟು) ಶೇಕಡಾ 5 ಜಿಎಸ್‌ಟಿ ಬೇರೆ ಇದೆ, 2022ರ ಜುಲೈಯಿಂದ, ಆ ಲೆಕ್ಕ ಬಿಟ್ಟೇಬಿಡಿ. ಶೇರಿಂಗ್ ರೂಮಿಗೆ ಸಂಜೆವರೆಗೂ ಕಾಯ್ದಿದ್ರೆ ಆ ಗ್ಲೌಸು ಡೈಪರಿನ ಆರು ಸಾವಿರದಷ್ಟೇ ಕೊಟ್ಟು ಮನೆಗೆ ಹೋಗ್ತಿದ್ವಿ.

ಹಾಗಾಗಿ ಕೌಂಟರ್‌ನಲ್ಲಿ ಹೇಳ್ಬೇಕಾದ ಮಾತು ಇಷ್ಟೇ: "ನಮ್ಮ ಪಾಲಿಸಿ ಮಿತಿ ಇಷ್ಟು, ಅದರೊಳಗಿನ ರೂಮೇ ಬೇಕು, ಇಲ್ಲ ಅಂದ್ರೆ ಖಾಲಿ ಆಗೋವರೆಗೂ ಕಾಯ್ತೀವಿ." ಆ ದರ್ಜೆ ರೂಮ್ ಇಲ್ಲ ಅಂತ ಅವರೇ ಮೇಲಿನದಕ್ಕೆ ಹಾಕಿದ್ರೆ ಬಿಲ್ಲಿಂಗ್ ಮಾತ್ರ ಕೆಳಗಿನ ದರ್ಜೇಲೇ ಮಾಡಿ ಅಂತ ಬರೆಸ್ಕೊಳಿ, ಕೆಲವು ಕಡೆ ಒಪ್ತಾರೆ.

ಒಳಗಿದ್ದಾಗ

ದಿನಾ ಸಂಜೆ ಬಿಲ್ಲಿಂಗ್‌ಗೆ ಹೋಗಿ ಇಂಟೆರಿಮ್ ಬಿಲ್ (ಅವತ್ತಿನವರೆಗಿನ ಬಿಲ್) ಪ್ರಿಂಟ್ ತಗೊಳಿ. ಒಂದು ಸಣ್ಣ ನೋಟ್‌ಬುಕ್ಕಲ್ಲಿ ಯಾವ ಡಾಕ್ಟರ್ ಎಷ್ಟು ಹೊತ್ತಿಗೆ ಬಂದ್ರು, ಯಾವ ಟೆಸ್ಟಿಗೆ ರಕ್ತ ತಗೊಂಡ್ರು ಬರ್ಕೊಳಿ, ಹೇಗಿದ್ರೂ ಅಲ್ಲಿ ಕೂತವರಿಗೆ ಬೇರೆ ಕೆಲಸ ಇರಲ್ಲ. ಫಾರ್ಮಸಿಯಿಂದ ಬಂದ ಬ್ಯಾಗ್ ತೆಗೆದು ಎಣಿಸಿ. ಬಳಸದೇ ಉಳಿದ ಇಂಜೆಕ್ಷನ್, ಐವಿ ಸೆಟ್ ಫೈನಲ್ ಬಿಲ್ ಆಗೋ ಮುಂಚೆ ರಿಟರ್ನ್ ಮಾಡ್ಬೇಕು, ನಾವು ಹಿಂಗೆ 3,400 ರೂಪಾಯಿದು ವಾಪಸ್ ಕೊಟ್ವಿ, ನರ್ಸ್ ಅಕ್ಕನೇ ಪಾಪ "ಇದನ್ನ ರಿಟರ್ನ್ ಹಾಕ್ಸಿ ಅಣ್ಣ" ಅಂತ ಹೇಳಿದ್ದು.

ಸ್ಟೆಂಟ್, ಮಂಡಿ ಇಂಪ್ಲಾಂಟ್ ಹಾಕಿಸ್ತಿದ್ರೆ ಇನ್ನೊಂದು ವಿಷಯ. ಇವಕ್ಕೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ದರ ಕಟ್ಟಿದೆ. 2017ರ ಫೆಬ್ರವರೀಲಿ ಲಕ್ಷದ ಮೇಲೆ ಓಡಾಡ್ತಿದ್ದ ಡ್ರಗ್ ಎಲ್ಯೂಟಿಂಗ್ (ಔಷಧಿ ಲೇಪಿಸಿದ) ಸ್ಟೆಂಟ್‌ಗೆ 29,600 ಅಂತ ಮಾಡಿದ್ರು, ಅದೇ ವರ್ಷ ಆಗಸ್ಟಲ್ಲಿ ಮಂಡಿ ಇಂಪ್ಲಾಂಟ್‌ಗೂ ಮಾಡಿದ್ರು. ಆಮೇಲೆ ದರ ಪರಿಷ್ಕರಣೆ ಆಗ್ತಾ ಬಂದಿದೆ, ಹಾಗಾಗಿ ಈಗಿನದ್ದು ಪ್ರಾಧಿಕಾರದ ವೆಬ್‌ಸೈಟಲ್ಲಿ ನೋಡ್ಕೊಂಡು ಹೋಗಿ. ಬಿಲ್ಲಲ್ಲಿ ಸ್ಟೆಂಟ್ ದರ, ಕಂಪನಿ ಹೆಸರು, ಬ್ಯಾಚ್ ನಂಬರ್ ಬೇರೆಯಾಗಿ ಬರೀಬೇಕು, ಡಬ್ಬಿ ಮೇಲಿನ ಸ್ಟಿಕ್ಕರ್ ಕೇಳಿ ಇಸ್ಕೊಳಿ. ಇಳಿದಿದ್ದು ಸ್ಟೆಂಟ್ ಬೆಲೆ ಮಾತ್ರ, ಪ್ರೊಸೀಜರ್ ಚಾರ್ಜ್ ಆಸ್ಪತ್ರೆ ಇಷ್ಟ, ಅದನ್ನೂ ಮೊದಲೇ ಕೇಳಿ.

ಡಿಸ್ಚಾರ್ಜ್ ದಿನ

ಒಂದು ಪುಟದ ಬಿಲ್ ಕೊಟ್ರೆ ತಗೋಬೇಡಿ, ಐಟಂವೈಸ್ ಬ್ರೇಕಪ್ ಬೇಕು ಅನ್ನಿ. ನೋಟ್‌ಬುಕ್ ಜೊತೆ ತಾಳೆ ನೋಡಿ, ನಮ್ಮದರಲ್ಲಿ ಆಪರೇಷನ್ ಆದ ದಿನ ಒಂದು ಫಿಸಿಯೋಥೆರಪಿ ಸೆಷನ್ ಇತ್ತು, ಮಂಪರಲ್ಲಿ ಮಲಗಿದ್ದ ಮನುಷ್ಯಂಗೆ ಎಂಥ ಫಿಸಿಯೋ, ಕೇಳಿದ ತಕ್ಷಣ ತೆಗೆದ್ರು.

ಕ್ಯಾಶ್‌ಲೆಸ್ ಅಪ್ರೂವಲ್‌ಗೆ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೂ ಕೂರಿಸೋದು ಇನ್ನೊಂದು ಕಾಟ. 2024ರ ಮೇ ತಿಂಗಳ, ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಪ್ರಾಧಿಕಾರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಅಡ್ಮಿಷನ್ ವೇಳೆಯ ರಿಕ್ವೆಸ್ಟ್‌ಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಉತ್ತರ ಕೊಡ್ಬೇಕು, ಅದರ ಮೇಲೆ ತಡ ಆಗಿ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದ್ರೆ ಅದು ಕಂಪನಿ ತಲೆ ಮೇಲೆ, ನಿಮ್ಮ ತಲೆ ಮೇಲಲ್ಲ. ಟೈಮ್ ಬರ್ಕೊಂಡಿರಿ.

ಮನೆಗೆ ಬಂದ್ಮೇಲೂ ಮುಗಿದಿಲ್ಲ

ಒಂದು ವಾರ ಆದ್ಮೇಲೆ ಸೆಟಲ್‌ಮೆಂಟ್ ಲೆಟರ್ ಓದ್ತಾ ಕೂತಿದ್ದೆ, ಔಷಧಿ, ಲ್ಯಾಬಲ್ಲೂ ಅರ್ಧ ಕಟ್ ಮಾಡಿದಾರಲ್ಲ, ಪ್ಯಾರಾಸಿಟಮಾಲ್‌ಗೂ ಡೀಲಕ್ಸ್ ರೂಮಿಗೂ ಏನ್ ಸಂಬಂಧ ಅನ್ನಿಸ್ತು. ಪಾಲಿಸಿ ತೆಗೆದು ನೋಡಿದ್ರೆ ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್ (ಅಂದ್ರೆ ರೂಮಿನ ದರ್ಜೆ ಜೊತೆ ಕಟ್ ಆಗೋ ಖರ್ಚುಗಳು) ಅನ್ನೋ ಕಲಂನಲ್ಲಿ ಔಷಧಿ, ಕನ್ಸ್ಯೂಮಬಲ್ಸ್, ಇಂಪ್ಲಾಂಟ್, ಡಯಾಗ್ನೋಸ್ಟಿಕ್ಸ್ ಸೇರಲ್ಲ ಅಂತ ಸ್ಪಷ್ಟವಾಗಿದೆ, ಅಂದ್ರೆ ಅವಕ್ಕೆ ಈ ಅರ್ಧದ ಕತ್ತರಿ ಹಾಕೋ ಹಾಗೇ ಇಲ್ಲ. ಐಸಿಯು ಚಾರ್ಜಿಗೂ ಹಾಗೇ. ಆ ಕಲಂ ಫೋಟೋ ತೆಗೆದು ಇನ್ಶೂರೆನ್ಸ್ ಕಂಪನಿಯ ಗ್ರೀವೆನ್ಸ್ (ದೂರು) ಮೇಲ್ ಐಡಿಗೆ ನಾಲ್ಕು ಸಾಲು ಮೇಲ್ ಹಾಕ್ದೆ.

ಹಿಂಗೆ ಬರೆದು ಒಂದು ತಿಂಗಳಾದ್ರೂ ಉತ್ತರ ಬರ್ಲಿಲ್ಲ ಅಥವಾ ಬಂದ ಉತ್ತರ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ದೂರು ಬಗೆಹರಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ರ ಹೋಗ್ಬೋದು, ಕರ್ನಾಟಕದ್ದು ಬೆಂಗಳೂರು ಜೆಪಿ ನಗರದಲ್ಲಿದೆ, ಫೀಸ್ ಇಲ್ಲ, ವಕೀಲರೂ ಬೇಡ, ಆದ್ರೆ ಒಂದು ವರ್ಷದೊಳಗೆ ಹಾಕ್ಬೇಕು. ಆಸ್ಪತ್ರೆ ಮೇಲೇ ದೂರು ಇದ್ರೆ ಕೆಪಿಎಂಇ ಅಡಿ ಜಿಲ್ಲೆಗೊಂದು ಕುಂದುಕೊರತೆ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿ ಆಫೀಸಿಗೆ ಕೊಡಿ, ಸ್ವೀಕೃತಿ ತಗೊಳಿ. ಅದೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ, ದುಡ್ಡು ಕಟ್ಟಿ ತಗೊಂಡ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ದೂರಿಗೆ ಫೀಸೂ ಇಲ್ಲ. ಸಲಹೆ ಬೇಕಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನಾವು ಅಷ್ಟು ದೂರ ಹೋಗ್ಬೇಕಾಗ್ಲಿಲ್ಲ. ಮೇಲ್ ಹಾಕಿ ಮೂರು ವಾರಕ್ಕೆ ಚಿಕ್ಕಪ್ಪನ ಅಕೌಂಟಿಗೆ 22,000 ಬಂತು. ಸರ್ಜನ್ ಫೀಸಲ್ಲಿ ಕಟ್ ಆದ 45,000 ಮಾತ್ರ ಹೋಯ್ತು, ಅದನ್ನ ಕೇಳೋಕೆ ದಾರಿ ಇಲ್ಲ, ಸೈನ್ ಹಾಕಿದ್ದು ನಾನೇ.