ಯುದ್ಧದ ಭಾಷಣಕ್ಕೆ ನಾಲ್ಕು ಕಾಲಂ: ನಾವು ವಿಮರ್ಶೆ ಬರೆಯುವ ರೀತಿ

ಯುದ್ಧ ನಡೆಯುತ್ತಿರುವಾಗಲೇ ಒಂದು ದೇಶದ ನಾಯಕ ಮಾಡಿದ ಭಾಷಣವನ್ನು ವಿಮರ್ಶಿಸುವುದಕ್ಕೆ ಮೈಸೂರಿನ ನಮ್ಮ ಓದುಕೂಟದಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪತ್ರಿಕೆಗೆ ಆರುನೂರು ಪದದ ಲೇಖನವಾಗಲಿ, ಮಂಡ್ಯ ಕಡೆಯ ಊರಿನಲ್ಲಿ ಮುಕ್ಕಾಲು ಗಂಟೆಯ ಮಾತಾಗಲಿ, ತಯಾರಿ ಒಂದೇ. 2022ರ ಫೆಬ್ರವರಿ 24ರ ಮುಂಜಾನೆ ಉಕ್ರೇನ್ ಮೇಲೆ ಯುದ್ಧ ಶುರುಮಾಡುತ್ತ ರಷ್ಯಾದ ಅಧ್ಯಕ್ಷ ಪುಟಿನ್ ಟಿವಿಯಲ್ಲಿ ಮಾಡಿದ ಭಾಷಣವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಪೂರ್ತಿ ಪಠ್ಯ ಕೈಗೆ ಬರಬೇಕು. ಕ್ಲಿಪ್ ನೋಡಿ ಬರೆಯಲೇಬಾರದು. ಕ್ಲಿಪ್ಪಿನಲ್ಲಿ ಗುಡುಗು ಇರುತ್ತದೆ, ಕಾನೂನಿನ ವಾಕ್ಯ ಇರುವುದಿಲ್ಲ. ಕ್ರೆಮ್ಲಿನ್, ಅಂದರೆ ರಷ್ಯಾದ ಅಧ್ಯಕ್ಷರ ಕಚೇರಿ, ತನ್ನ ಜಾಲತಾಣದಲ್ಲಿ ಭಾಷಣವನ್ನು ರಷ್ಯನ್ ಮತ್ತು ಇಂಗ್ಲಿಷ್ ಎರಡರಲ್ಲೂ ಹಾಕುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆಸಿ, ಪ್ರತಿ ವಾಕ್ಯಕ್ಕೂ ನಂಬರ್ ಹಾಕುತ್ತೇವೆ. ವಿಡಿಯೊ ನೋಡುವುದು ಓದಿದ ಮೇಲೆ. ಮೊದಲೇ ನೋಡಿದರೆ ದನಿ, ಮುಖಭಾವ ತಲೆಯಲ್ಲಿ ಕೂತುಬಿಡುತ್ತದೆ, ಲೇಖನ ಮನುಷ್ಯನ ಮೇಲೆ ಹೋಗುತ್ತದೆಯೇ ಹೊರತು ಮಾತಿನ ಮೇಲಲ್ಲ.

ಆಮೇಲೆ ಫೂಲ್‌ಸ್ಕೇಪ್ ಹಾಳೆಯನ್ನು ಅಡ್ಡ ಇಟ್ಟು ನಾಲ್ಕು ಕಾಲಂ ಗೆರೆ ಹಾಕುವುದು. ಒಂದನೆಯದು ವಾಕ್ಯ. ಎರಡನೆಯದು ಅದು ಯಾವ ಜಾತಿಯ ಮಾತು: ನಡೆದ ಸಂಗತಿಯೋ, ಕಾನೂನಿನ ಸಮರ್ಥನೆಯೋ, ಭರವಸೆಯೋ, ಬೆದರಿಕೆಯೋ. ಮೂರನೆಯದು ಆ ದಿನದವರೆಗೆ ಜಗತ್ತಿಗೆ ಗೊತ್ತಿದ್ದದ್ದು. ನಾಲ್ಕನೆಯದು ಆಮೇಲೆ ಆದದ್ದು. ನಾಲ್ಕನೆಯದನ್ನು ಅವತ್ತು ಖಾಲಿ ಬಿಡಬೇಕು. ಮೂರು ಮತ್ತು ನಾಲ್ಕನ್ನು ಕಲಸಿಬಿಡುವುದೇ ಇಂಥ ಬರವಣಿಗೆಯ ದೊಡ್ಡ ತಪ್ಪು. ಆರು ತಿಂಗಳ ನಂತರದ ತಿಳಿವಳಿಕೆಯಿಂದ ಮೊದಲ ದಿನದ ಮಾತನ್ನು ಸುಳ್ಳು ಅಂದರೆ ಓದುಗ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಅನುವಾದ. ಕನ್ನಡದ ಸುದ್ದಿಭಾಷೆಗೆ ‘ಲಾಗಿದೆ’ ಎಂಬ ಒಂದು ಚಾಳಿ ಇದೆ. ‘ಸೇನಾ ಕಾರ್ಯಾಚರಣೆ ಕೈಗೊಳ್ಳಲಾಗಿದೆ’, ‘ದಾಳಿ ನಡೆಸಲಾಗಿದೆ’. ಮಾಡಿದವರು ಯಾರು? ವಾಕ್ಯದಲ್ಲಿ ಇಲ್ಲ. ಆದರೆ ಆ ಭಾಷಣದಲ್ಲಿ ಪುಟಿನ್ ಹಾಗೆ ಹೇಳಿಲ್ಲ. ವಿಶೇಷ ಸೇನಾ ಕಾರ್ಯಾಚರಣೆ ನಡೆಸುವ ನಿರ್ಧಾರವನ್ನು ನಾನು ಮಾಡಿದ್ದೇನೆ ಎಂದೇ ಹೇಳಿದ್ದಾರೆ. ಆ ‘ನಾನು’ ಅನುವಾದದಲ್ಲಿ ಬಿದ್ದುಹೋದರೆ ಯುದ್ಧ ಮಳೆ ಬಂದ ಹಾಗೆ ತಾನಾಗಿ ಬಂತು ಅನ್ನಿಸುತ್ತದೆ. ಅದಕ್ಕೇ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಕರ್ತೃ ಯಾರು ಅಂತ ಪಕ್ಕದಲ್ಲಿ ಬರೆಯುತ್ತೇವೆ. ‘ವಿಶೇಷ ಸೇನಾ ಕಾರ್ಯಾಚರಣೆ’ ಎಂಬುದನ್ನು ಅವರ ಮಾತಾಗಿ ಉದ್ಧರಣ ಚಿಹ್ನೆಯೊಳಗೆ ಇಟ್ಟು, ನಮ್ಮ ವಾಕ್ಯದಲ್ಲಿ ‘ಯುದ್ಧ’ ಅಂತಲೇ ಬರೆಯುತ್ತೇವೆ. 2022ರ ಮಾರ್ಚ್ 4ರಂದು ರಷ್ಯಾದಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡಿದರೆ 15 ವರ್ಷದವರೆಗೆ ಜೈಲು. ಅಲ್ಲಿನ ಪತ್ರಕರ್ತರು ಆ ಒಂದು ಪದಕ್ಕೆ ಹೆದರಬೇಕಾದ ಸ್ಥಿತಿ ಇರುವಾಗ, ಹೆದರಬೇಕಿಲ್ಲದ ನಾವು ಅದನ್ನು ತಪ್ಪಿಸುವುದು ತಪ್ಪು.

ಇಡೀ ಭಾಷಣದ ಬಗ್ಗೆ ಬರೆಯುವುದಕ್ಕೆ ಹೋದರೆ ಯಾವುದೂ ಆಳಕ್ಕೆ ಇಳಿಯುವುದಿಲ್ಲ. ಭಾರ ಹೊತ್ತ ಮೂರು ವಾಕ್ಯ ಸಾಕು. ಇದರಲ್ಲಿ ಮೊದಲನೆಯದು, ಎಂಟು ವರ್ಷದಿಂದ ಕೀವ್ ಆಡಳಿತದ (ಉಕ್ರೇನ್ ಸರ್ಕಾರದ) ನರಮೇಧಕ್ಕೆ ಗುರಿಯಾದ ಜನರನ್ನು ಕಾಪಾಡುವುದೇ ಉದ್ದೇಶ ಎಂಬುದು. ಮೂರನೇ ಕಾಲಂಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಲೆಕ್ಕ: 2014ರ ಏಪ್ರಿಲ್‌ನಿಂದ 2021ರ ಕೊನೆಯವರೆಗೆ ಪೂರ್ವ ಉಕ್ರೇನಿನಲ್ಲಿ ಸರ್ಕಾರಕ್ಕೂ ರಷ್ಯಾ ಬೆಂಬಲದ ಪ್ರತ್ಯೇಕತಾವಾದಿಗಳಿಗೂ ನಡೆದ ಸಂಘರ್ಷದಲ್ಲಿ ಸತ್ತ ನಾಗರಿಕರು ಕನಿಷ್ಠ 3,404. ಹೊಡೆದುರುಳಿಸಿದ ಮಲೇಷ್ಯಾ ವಿಮಾನದ 298 ಜನ ಇದರಲ್ಲೇ ಸೇರಿದ್ದಾರೆ. ಕದನರೇಖೆಯ ಎರಡೂ ಕಡೆಯವರು ಸೇರಿದ್ದಾರೆ. 2021ರಲ್ಲಿ ಸತ್ತವರು 25. ಇಪ್ಪತ್ತೈದು ಅಂದರೆ ಇಪ್ಪತ್ತೈದು ಮನೆ, ಅದನ್ನು ಹಗುರ ಮಾಡಿ ಬರೆಯಬಾರದು. ಆದರೆ ಒಟ್ಟಾರೆ ಇಳಿಯುತ್ತ ಬಂದಿದ್ದ ಈ ಲೆಕ್ಕ ನರಮೇಧವನ್ನು ತೋರಿಸುವುದಿಲ್ಲ.

ಎರಡನೆಯದು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ. ಸದಸ್ಯ ರಾಷ್ಟ್ರದ ಮೇಲೆ ಸಶಸ್ತ್ರ ದಾಳಿ ನಡೆದರೆ ಆತ್ಮರಕ್ಷಣೆಗೆ ಅವಕಾಶ ಕೊಡುವ ವಿಧಿ ಅದು. ಪ್ರತ್ಯೇಕತಾವಾದಿಗಳು ಸ್ವತಂತ್ರ ಎಂದು ಸಾರಿಕೊಂಡಿದ್ದ ಪೂರ್ವ ಉಕ್ರೇನಿನ ದೊನೆತ್ಸ್ಕ್, ಲುಹಾನ್ಸ್ಕ್ ಸಹಾಯ ಕೇಳಿದವು ಎಂಬುದು ಪುಟಿನ್ ವಾದ. ಆದರೆ ಅವು ವಿಶ್ವಸಂಸ್ಥೆಯ ಸದಸ್ಯರಲ್ಲ. ಅವನ್ನು ದೇಶಗಳೆಂದು ರಷ್ಯಾ ಮಾನ್ಯ ಮಾಡಿದ್ದೇ ಫೆಬ್ರವರಿ 21ಕ್ಕೆ, ಭಾಷಣಕ್ಕೆ ಮೂರು ದಿನ ಮುಂಚೆ. ಈ ದಿನಾಂಕ ಒಂದನ್ನು ಬರೆದರೆ ಸಾಕು, ವಿಶೇಷಣ ಬೇಕಿಲ್ಲ. ಮೂರನೆಯದು, ಉಕ್ರೇನಿನ ನೆಲವನ್ನು ಆಕ್ರಮಿಸಿಕೊಳ್ಳುವ ಯೋಜನೆ ನಮಗಿಲ್ಲ ಎಂಬ ಮಾತು. ಇದು ಭರವಸೆ. ಮೊದಲ ದಿನ ಇದರ ಮುಂದೆ ಏನೂ ಬರೆಯುವ ಹಾಗಿಲ್ಲ.

ಭಾಷಣದಲ್ಲಿ ನಿಜ ಇರುವ ಕಡೆ ನಿಜ ಎಂದೇ ಬರೆಯಬೇಕು. ಅಮೆರಿಕ, ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೊ ಪೂರ್ವಕ್ಕೆ ಬೆಳೆದದ್ದು ನಿಜ: 1999ರಲ್ಲಿ ಪೋಲೆಂಡ್, ಹಂಗೆರಿ, ಚೆಕ್; 2004ರಲ್ಲಿ ಬಾಲ್ಟಿಕ್ ದೇಶಗಳೂ ಸೇರಿ ಏಳು. 1999ರಲ್ಲಿ ನ್ಯಾಟೊ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ಮೇಲೆ ಬಾಂಬ್ ಹಾಕಿದಾಗ ಭದ್ರತಾ ಮಂಡಳಿಯ ಒಪ್ಪಿಗೆ ಇರಲಿಲ್ಲ. 2003ರ ಇರಾಕ್ ಯುದ್ಧಕ್ಕೆ ಕೊಟ್ಟ ಕಾರಣ ಸುಳ್ಳಾಯಿತು. ಇವನ್ನು ಬಿಟ್ಟು ಬರೆದರೆ ಸಭೆಯಲ್ಲಿ ಮೊದಲ ಪ್ರಶ್ನೆಗೇ ಮಾತು ನಿಂತುಹೋಗುತ್ತದೆ. ಒಪ್ಪಿಕೊಂಡು, ಮುಂದಿನ ಸಾಲಿನಲ್ಲೇ ಕೇಳಬೇಕು: ಬೇರೆಯವರು ಇರಾಕಿನಲ್ಲಿ ಮಾಡಿದ ತಪ್ಪಿಗೆ ಉಕ್ರೇನಿನ ಖಾರ್ಕಿವ್ ಊರಿನವರು ಯಾಕೆ ಸಾಯಬೇಕು?

‘ಅಪಾಯ ನಮ್ಮ ಬಾಗಿಲಿಗೆ ಬಂದಿತ್ತು’ ಎಂಬ ವಾದವನ್ನು ಅಳೆಯುವುದನ್ನು ಶ್ರೀರಂಗಪಟ್ಟಣದ ಸುತ್ತಮುತ್ತ ವಿವರಿಸುವುದು ಸುಲಭ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಟಿಪ್ಪುವಿನ ಜೊತೆ ಸೇರಲು ಸ್ವಯಂಸೇವಕರು ಬೇಕು ಎಂದು ಘೋಷಣೆ ಹೊರಡಿಸಿದ. ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನೇ ಯುದ್ಧಕ್ಕೆ ಕಾರಣ ಮಾಡಿಕೊಂಡ. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. 1799ರ ಮೇ 4ಕ್ಕೆ ಕೋಟೆ ಬಿತ್ತು. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ತೋರಿಸಿದ ಅಪಾಯ ಎಷ್ಟು, ಇದ್ದ ಅಪಾಯ ಎಷ್ಟು ಎಂಬ ಲೆಕ್ಕ ಅಲ್ಲಿ ಎಲ್ಲರಿಗೂ ತಟ್ಟುತ್ತದೆ.

ಮಂಡ್ಯ ಕಡೆ ಮಾತು ಶುರು ಮಾಡುವುದು ಎಣ್ಣೆ, ಗೊಬ್ಬರದಿಂದ. ಯುದ್ಧಕ್ಕೆ ಮುಂಚೆ ನಮಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು, ಪೊಟ್ಯಾಷ್ ಕೊಡುವ ದೊಡ್ಡ ದೇಶಗಳಲ್ಲಿ ರಷ್ಯಾ, ಬೆಲಾರೂಸ್ ಎರಡೂ ಇವೆ. ಆದರೆ ಅಲ್ಲೇ ನಿಲ್ಲಬಾರದು. ಬೇರೆಯವರ ಸಾವು ನಮ್ಮ ಅಂಗಡಿಯ ಬೆಲೆಪಟ್ಟಿ ಆಗಿಬಿಡುತ್ತದೆ. ಕೇಳುವವರಲ್ಲಿ ಸೇನೆಯಲ್ಲಿ ಮಕ್ಕಳಿರುವ ಮನೆಯವರು ಇರುತ್ತಾರೆ. ಯಾವ ದೇಶದ ಸಿಪಾಯಿಯನ್ನೂ ಹೀಯಾಳಿಸದೆ, ಅಪ್ಪಣೆ ಕೊಟ್ಟವರ ಮಾತಿನ ಮೇಲಷ್ಟೇ ನಿಲ್ಲಬೇಕು.

‘ನಮ್ಮ ದೇಶ ಏನು ಹೇಳಿತು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಬಾಯಲ್ಲಿರಬೇಕು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾ ಹಿಂದೆ ಸರಿಯಬೇಕು ಎಂಬ ನಿರ್ಣಯಕ್ಕೆ 141 ದೇಶ ಪರ, 5 ವಿರೋಧ, ಭಾರತ ಸೇರಿ 35 ತಟಸ್ಥ. ಮಾರ್ಚ್ 16ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ಸೇನಾ ಕಾರ್ಯಾಚರಣೆ ನಿಲ್ಲಿಸಿ ಎಂದು 13–2ರಲ್ಲಿ ಆದೇಶ ಕೊಟ್ಟಾಗ ಭಾರತೀಯ ನ್ಯಾಯಾಧೀಶ ದಲ್ವೀರ್ ಭಂಡಾರಿ ಬಹುಮತದ ಕಡೆ ಇದ್ದರು. ಸರ್ಕಾರದ ಮತ ಬೇರೆ, ನ್ಯಾಯಾಧೀಶರ ಮತ ಬೇರೆ. ಸೆಪ್ಟೆಂಬರ್‌ನಲ್ಲಿ ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ಪ್ರಧಾನಿ ಮೋದಿ ಪುಟಿನ್ ಎದುರಿಗೇ ಇದು ಯುದ್ಧದ ಕಾಲವಲ್ಲ ಎಂದದ್ದನ್ನೂ ಸೇರಿಸುತ್ತೇವೆ.

ಪತ್ರಿಕೆಗೆ ಕಳಿಸಿದ ಮೇಲೆ ಹಾಳೆಯನ್ನು ಎಸೆಯುವುದಿಲ್ಲ, ಫೈಲಿಗೆ ಹಾಕಿ ಆರು ತಿಂಗಳಿಗೊಮ್ಮೆ ತೆರೆಯುತ್ತೇವೆ. ಆಕ್ರಮಿಸಿಕೊಳ್ಳುವ ಯೋಜನೆ ಇಲ್ಲ ಎಂಬ ವಾಕ್ಯದ ಎದುರಿನ ಖಾಲಿ ಕಾಲಂನಲ್ಲಿ ಈಗ ಹೀಗಿದೆ: ‘30–9–2022. ದೊನೆತ್ಸ್ಕ್, ಲುಹಾನ್ಸ್ಕ್, ಝಪೊರಿಝಿಯಾ, ಖೆರ್ಸೊನ್ ನಾಲ್ಕೂ ರಷ್ಯಾಕ್ಕೆ ಸೇರಿದವು ಎಂದು ಅವರೇ ಘೋಷಿಸಿದರು.’